ಮೆಮರಿ ಕಾರ್ಡಿನ ಪಾರಣೆ

ಆ ಭಾದ್ರಪದದಲ್ಲಿ ಸಾಂಗ್ಲಿಯ ಧನಪಾಲ ಚೌಗುಲೆಯ ಮನೆಯಲ್ಲಿ ಇಬ್ಬರು ಉಪವಾಸ ಹಿಡಿದರು. ಒಬ್ಬರು ಅವನ ತಾಯಿ ಚಂದ್ರಾಬಾಯಿ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಡಾಕ್ಟರರ, ಮಗನ, ಸೊಸೆಯ ಮಾತನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ದಶಲಕ್ಷಣ ಪರ್ವದ ಹತ್ತೂ ದಿನ ಬರೀ ಕಾಯಿಸಿದ ನೀರಿನ ಮೇಲಿದ್ದು, ಹನ್ನೊಂದನೆಯ ದಿನ ಬೆಳಿಗ್ಗೆ ಬ್ಯಾಂಡು ಬಾರಿಸಿಕೊಂಡು ಬಸದಿಗೆ ಹೋಗಿ ಬಂದು ಪಾರಣೆ ಮಾಡಿದರು. ಇನ್ನೊಂದು, ಆ ಮನೆಗೆ ಹೊಸದಾಗಿ ಬಂದ ಲ್ಯಾಪ್‌ಟಾಪು. ಅದರ ಬಲಮಗ್ಗುಲಿಗೆ ಕ್ಯಾಮೆರಾದ ಮೆಮರಿ ಕಾರ್ಡು ತೂರಿಸಲು ಒಂದು ಸೀಳು ಇತ್ತು. ಚಂದ್ರಾಬಾಯಿ ಬಾಯಿ ತೆರೆದ ದಿನವೇ ಆ ಸೀಳು ಹಟ ಹಿಡಿಯಿತು. ಕಾರ್ಡು ಕೊಟ್ಟರೆ ಒಳಗೇನೋ ತೆಗೆದುಕೊಳ್ಳುತ್ತಿತ್ತು, ಆದರೆ ಪರದೆಯ ಮೇಲೆ ಒಂದು ಫೋಟೋವನ್ನೂ ತೋರಿಸುತ್ತಿರಲಿಲ್ಲ.

ಧನಪಾಲನದು ಅರಿಶಿಣ ಪೇಟೆಯಲ್ಲಿ ದಲಾಲಿಯ ಅಡತಿ ಅಂಗಡಿ. ಅರಿಶಿಣದ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಲಟಕ್ಕನೆ ಮುರಿದು, ಆ ಸಪ್ಪಳದ ಮೇಲೆಯೇ ಮಾಲು ಒಣಗಿದೆಯೋ ಹಸಿಯಿದೆಯೋ ಹೇಳುವುದರಲ್ಲಿ ಪೇಟೆಯಲ್ಲೇ ಅವನ ಹೆಸರಿತ್ತು. ಅಂಥವನಿಗೆ ಜಗತ್ತಿನ ಯಾವ ವಸ್ತುವೂ ಅರ್ಥವಾಗದೇ ಇರಲು ಸಾಧ್ಯವಿಲ್ಲ ಎಂಬ ಧೈರ್ಯ ಸಹಜವಾಗಿಯೇ ಬಂದಿತ್ತು. (ಈ ಧೈರ್ಯ ಗಂಡಸರಿಗೆ ಐವತ್ತು ದಾಟಿದ ಮೇಲೆ ಬರುತ್ತದೆ, ಕನ್ನಡಕದ ಜೊತೆಗೇ ಬರುತ್ತದೆ.) ಅವನ ತಂದೆ ಟೆಲಿಫೋನಿಗೆ ಅರ್ಜಿ ಹಾಕಿ ಒಂಬತ್ತು ವರ್ಷ ಕಾದವರು, ಫೋನು ಬರುವ ಹೊತ್ತಿಗೆ ಅವರು ಯಾರ ಜೊತೆ ಮಾತಾಡಬೇಕೆಂದಿದ್ದರೋ ಅವರಲ್ಲಿ ಅರ್ಧ ಜನ ಉಳಿದಿರಲಿಲ್ಲ. ಈಗ ಕಾಲ ಬದಲಾಗಿತ್ತು. ಸಾಂಗ್ಲಿಯಿಂದ ಮಿರಜಿಗೆ ಹೋಗುವ ದಾರಿಯಲ್ಲಿ ನಿನ್ನೆ ಜೋಳ ಇದ್ದಲ್ಲಿ ಇಂದು ಗಾಜಿನ ಅಂಗಡಿ ನಿಂತಿತ್ತು. ಅಲ್ಲಿಯವರು ಕಾಲು ತಾಸಿನಲ್ಲಿ ಲ್ಯಾಪ್‌ಟಾಪು ಕೊಟ್ಟು, ಅದರ ಜೊತೆ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟು, ಕುಡಿಯಲು ತಂಪು ಕೊಟ್ಟು, ಕೈಮುಗಿದು ಬಾಗಿಲ ತನಕ ಬಿಟ್ಟು ಹೋಗಿದ್ದರು. ಮನೆಗೆ ತಂದ ದಿನ ಹೆಂಡತಿ ಮಂಗಲ ಅದರ ಮುಚ್ಚಳದ ಮೇಲೆ ಒಂದು ಚಿಟಿಕೆ ಅರಿಶಿಣ ಕುಂಕುಮ ಇಟ್ಟು ನಾಲ್ಕು ಅಕ್ಷತೆ ಹಾಕಿದಳು. ಈ ಅರಿಶಿಣ ಕುಂಕುಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಧನಪಾಲನಂತೂ ಚೆನ್ನಾಗಿಯೇ ನೆನಪಿಟ್ಟುಕೊಂಡ.

ಕ್ಯಾಮೆರಾ ಕೈಗೆ ಬಂದ ಮೇಲೆ ಧನಪಾಲನಿಗೆ ಒಂದು ಭವ್ಯವಾದ ವಿಚಾರ ಹೊಳೆಯಿತು. ತಾಯಿಯ ಪಾರಣೆಗೆ ಹೊರಗಿನ ಫೋಟೋಗ್ರಾಫರ್ ಯಾಕೆ? ಮನೆಯಲ್ಲೇ ಮಗ ಇದ್ದಾನೆ, ಮಗನ ಕೊರಳಲ್ಲಿ ಕ್ಯಾಮೆರಾ ಇದೆ. ಪೇಟೆಯಲ್ಲಿ ನಾಲ್ಕು ಮಂದಿಗೆ ಈ ಮಾತು ಹೇಳಿಯೂ ಬಿಟ್ಟ. ಮಂಗಲ ಮಾತ್ರ, ಇದೊಂದು ಸಲ ಗೊತ್ತಿದ್ದವರಿಗೇ ಬಿಡಿ, ಮುಂದೆ ಬೇಕಾದರೆ ನನ್ನ ಅಡುಗೆಯ ಫೋಟೋ ತೆಗೆದು ರೂಢಿ ಮಾಡಿಕೊಳ್ಳಿ ಎಂದಳು. ಗಂಡ ನಕ್ಕ. ಅಂಥ ನಗುವನ್ನು ಹೆಂಡಂದಿರು ಮರೆಯುವುದಿಲ್ಲ.

ಈ ಫೋಟೋದ ಹಿಂದೆ ಒಂದು ಇತಿಹಾಸವೂ ಇತ್ತು. ಚಂದ್ರಾಬಾಯಿಯ ಅಕ್ಕ ಸುನಂದಾಬಾಯಿ ಹರಿಪುರದಲ್ಲಿ ಇರುವವರು. ಸಾಂಗ್ಲಿಯಿಂದ ರಿಕ್ಷಾ ಹತ್ತಿದರೆ ಕಾಲು ತಾಸಿನ ಹಾದಿ. ಆದರೂ ಅಕ್ಕತಂಗಿಯರಿಗೆ ಹನ್ನೊಂದು ವರ್ಷ ಮಾತಿರಲಿಲ್ಲ. ಕಾರಣ ಹೊಲವಲ್ಲ, ಬಂಗಾರವಲ್ಲ, ಒಂದು ಫೋಟೋ. ಮಾಧವನಗರದ ಒಂದು ಮದುವೆಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಾಗ, ಸುನಂದಾಬಾಯಿ ತಲೆಯ ಮೇಲೆ ಹೊದ್ದ ಸೆರಗು ಹಿಂದೆ ನಿಂತ ಚಂದ್ರಾಬಾಯಿಯ ಮುಖವನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಕಂಡದ್ದು ಒಂದು ಕಿವಿ, ಅದರಲ್ಲಿ ಒಂದು ಬೆಂಡೋಲೆ. ಬೇಕಂತಲೇ ಮುಂದೆ ನಿಂತಳು ಎಂದು ತಂಗಿ ಅಂದಳು. ಅವಳು ಗಿಡ್ಡಾಗಿ ಹುಟ್ಟಿದರೆ ನಾನೇನು ಮಾಡಲಿ ಎಂದು ಅಕ್ಕ ಅಂದಳು. ಅಲ್ಲಿಗೆ ಮುಗಿಯಿತು.

ಈ ವರ್ಷ ತಂಗಿ ಹತ್ತು ದಿನ ಉಪವಾಸ ಹಿಡಿದ ಸುದ್ದಿ ಹರಿಪುರಕ್ಕೆ ಮುಟ್ಟಿತು. ಪಾರಣೆಯ ದಿನ ಬೆಳಿಗ್ಗೆ ಸುನಂದಾಬಾಯಿ ಕರೆಯದೆಯೇ ಬಂದರು. ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವುದು ಜೈನರ ಪದ್ಧತಿ. ತುಂಬಿದ ಪಡಸಾಲೆಯಲ್ಲಿ ಅಕ್ಕ ತಂಗಿಯ ಮುಂದೆ ಕೂತು, "ಉತ್ತಮ ಕ್ಷಮಾ, ಚಂದ್ರಿ" ಎಂದು ಕೈಮುಗಿದು, ಹೆಸರುಕಾಳು ಬೇಯಿಸಿದ ನೀರಿನ ಮೊದಲ ಚಮಚವನ್ನು ತಮ್ಮ ಕೈಯಾರೆ ಕುಡಿಸಿದರು. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ಉಪವಾಸದವರು ಮೊದಲ ಗುಟುಕು ತೆಗೆದುಕೊಳ್ಳುವ ತನಕ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ ಎಂಬುದು ಚೌಗುಲೆಯವರ ಕಟ್ಟುನಿಟ್ಟು. ನಾನೂ ಬೆಳಗಿನಿಂದ ಚಹಾ ಸಹ ಮುಟ್ಟಿಲ್ಲ ಎಂದು ಧನಪಾಲ ಬಂದವರಿಗೆಲ್ಲ ಹೇಳುತ್ತ ತಿರುಗಿದ. ನಡುವೆ ಎರಡು ನಿಮಿಷ ಬ್ಯಾಂಡಿನವರನ್ನು ವಿಚಾರಿಸಲು ಹೋದದ್ದು ಬಿಟ್ಟರೆ ಕ್ಯಾಮೆರಾ ಅವನ ಕೊರಳಿನಿಂದ ಇಳಿಯಲಿಲ್ಲ. ಒಟ್ಟು ಇನ್ನೂರ ಹನ್ನೆರಡು ಫೋಟೋ. ಕ್ಯಾಮೆರಾದ ಸಣ್ಣ ಕಿಟಕಿಯಲ್ಲಿ ಯಾರಿಗೂ ತೋರಿಸಲಿಲ್ಲ; ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ, ಎಲ್ಲರಿಗೂ ಒಟ್ಟಿಗೇ ಎಂದ.

ಸುನಂದಾಬಾಯಿ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು: "ರವಿವಾರ ಬರತೇನಿ. ಫೋಟೋ ನೋಡೂಣಂತ. ಈ ಸಲ ಇಬ್ಬರ ಮಾರೀನೂ ಪೂರ್ತಿ ಬಂದಿರಬೇಕ ನೋಡಪಾ, ಧನಪಾಲ."

ದನಿ ಮೆತ್ತಗೇ ಇತ್ತು. ಆದರೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಬಾಯಿ ಅದು.

ಅಂದು ಸೋಮವಾರ. ಸಂಜೆ ಧನಪಾಲ ಮೇಜಿನ ಮುಂದೆ ಕೂತು ಕ್ಯಾಮೆರಾದಿಂದ ಕಾರ್ಡು ಹೊರತೆಗೆದ. ಹೆಬ್ಬೆರಳ ಉಗುರಿನ ಎರಡರಷ್ಟು ದೊಡ್ಡದಾದ ಕರಿ ಚೌಕ. ಅದರ ಮೇಲಿನ ಚೀಟಿ ಯಂತ್ರದ ಒಳಗೆ ಅಂಟೀತು ಎಂದು ಮುಂದಾಲೋಚನೆಯಿಂದ ಅದನ್ನು ಉಗುರಿನಿಂದ ಕೆರೆದು ಕಿತ್ತ. ಸೀಳಿಗೆ ತೂರಿಸಲು ಹೋದರೆ ಹೋಗಲಿಲ್ಲ. ಒತ್ತಿದ. ಟಕ್ ಎಂದು ಸೀಳಿನೊಳಗಿನಿಂದಲೇ ಇನ್ನೊಂದು ಕರಿ ಚೌಕ ಹೊರಗೆ ಬಂತು. ಓಹೋ, ಇದು ಸೀಳಿನ ಮುಚ್ಚಳ, ಧೂಳು ಹೋಗಬಾರದೆಂದು ಹಾಕಿದ್ದಾರೆ ಎಂದು ಅವನು ಸರಿಯಾಗಿಯೇ ಊಹಿಸಿದ. ಈ ಇಡೀ ಕತೆಯಲ್ಲಿ ಅವನು ಸರಿಯಾಗಿ ಊಹಿಸಿದ್ದು ಅದೊಂದೇ. ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಮಂಗಲಳ ದನಿ ಬಂತು.

"ಹೊತ್ತ ಮುಳಗಾಕ ಹತ್ತ ಮಿನಿಟ ಉಳದಾವ್ರಿ. ಉಣ್ಣಾಕ ಬರ್ತೀರೋ, ಇಲ್ಲಾ ಆ ಪೆಟ್ಟಿಗೀನs ತಿಂದ ಮಲಗತೀರೋ?"

ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಊಟವಿಲ್ಲ. ಹೊತ್ತು ತಪ್ಪಿತೆಂದರೆ ಮರುದಿನ ಬೆಳಗಿನ ತನಕ ಹೊಟ್ಟೆಗೆ ನೀರೇ ಗತಿ. ಧನಪಾಲ ಗಡಬಡಿಸಿ ಒಂದನ್ನು ಸೀಳಿಗೆ ತೂರಿಸಿದ, ಇನ್ನೊಂದನ್ನು ಕಳೆಯದ ಹಾಗೆ ಜೋಪಾನವಾಗಿ ಒಂದು ಕಡೆ ಇಟ್ಟು, ಕೈ ತೊಳೆಯಲು ಓಡಿದ. ಎಲ್ಲಿ ಇಟ್ಟ ಎಂಬುದು ಆ ಕ್ಷಣಕ್ಕೇ ಅವನ ತಲೆಯಿಂದ ಹಾರಿಹೋಯಿತು.

ಉಂಡು ಬಂದು ನೋಡುತ್ತಾನೆ, ಪರದೆ ಖಾಲಿ. ಕಾರ್ಡು ತೆಗೆದು, ಉಫ್ ಎಂದು ಊದಿ, ಮತ್ತೆ ಹಾಕಿದ. ಒಳ ಅಂಗಿಗೆ ಒರೆಸಿ ಹಾಕಿದ. ತಿರುವಿ ಹಾಕಲು ನೋಡಿದ. ಅರಿಶಿಣದ ಕೊಂಬಿನಂತೆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಕೇಳಿದ. ಮಾಲು ಚೆನ್ನಾಗಿಯೇ ಒಣಗಿತ್ತು. ಲ್ಯಾಪ್‌ಟಾಪನ್ನು ಬಂದ್ ಮಾಡಿ ತೆರೆದ, ತೆರೆದು ಬಂದ್ ಮಾಡಿದ.

ಮಂಗಳವಾರ ಬೆಳಿಗ್ಗೆ ಪೇಟೆಯ ಲಿಲಾವಿಗೆ, ಅಂದರೆ ಹರಾಜಿಗೆ, ಹೊತ್ತಾಗಿತ್ತು. ಎಂದಿನಂತೆ ಅಕ್ಕಿಯ ಡಬ್ಬಿ ಹಿಡಿದು ಬಸದಿಗೆ ಓಡಿ, ಎಂದಿನಂತೆ ಐದು ಕಡೆ ಚಿಟಿಕೆ ಚಿಟಿಕೆ ಅಕ್ಕಿ ಇಡುವ ಬದಲು, ಕಣ್ಣು ಮುಚ್ಚಿ ಅರ್ಘ್ಯದ ಮಂತ್ರ ಹೇಳಿ, ಡಬ್ಬಿಯನ್ನೇ ಮಣೆಯ ಮೇಲೆ ಬೋರಲು ಸುರಿದು, ಅಲ್ಲಿಂದ ಪೇಟೆಗೆ ಓಡಿದ. ಆ ಅವಸರದ ಭಕ್ತಿಯಲ್ಲಿ, ದೇವರೇ, ಫೋಟೋ ಕಾಣುವ ಹಾಗೆ ಮಾಡು ಎಂದು ಕೇಳಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ದೇವರಿಗೂ ಆ ದಿನ ಏನು ಮಾಡಬೇಕೆಂದು ತಿಳಿದಿರಲಿಕ್ಕಿಲ್ಲ.

ಅಂದು ಸಂಜೆ ತಪ್ಪು ಯಾರದೆಂಬ ಶೋಧ ಶುರುವಾಯಿತು, ಮತ್ತು ಅದು ಬಹಳ ದೂರವೇನೂ ಹೋಗಲಿಲ್ಲ. ಅಡುಗೆಮನೆಯ ತನಕ ಹೋಗಿ ನಿಂತಿತು. ಅರಿಶಿಣ ಕುಂಕುಮ ಇಟ್ಟವರು ಯಾರು? ಅಕ್ಷತೆ ಹಾಕಿದವರು ಯಾರು? ಅದರ ಪುಡಿ ಸೀಳಿನೊಳಗೆ ಹೋಗದೆ ಮತ್ತೆಲ್ಲಿ ಹೋದೀತು?

"ನಾ ಇಟ್ಟದ್ದು ಒಂದು ಚಿಟಿಗಿ, ಅದೂ ಮುಚ್ಚಳದ ಮ್ಯಾಲ," ಎಂದಳು ಮಂಗಲ. "ನೀವು ಪ್ಯಾಟಿಯಿಂದ ಬಂದು ಅಂಗಿ ಜಾಡಿಸಿದ್ರ ನಮ್ಮ ಓಣೀಗೆಲ್ಲಾ ಎಂಟ ದಿನದ ಸಾರಿಗಿ ಅರಿಶಿಣ ಸಾಕು. ಆ ಅಂಗೀಲೇ ಅದರ ಮುಂದ ಕುಂಡ್ರತೀರಿ."

ಒಂದೇ ದಿನದ ಹಿಂದೆ ಧನಪಾಲ, ವರ್ಷವಿಡೀ ಅಂದದ್ದು ಆಡಿದ್ದಕ್ಕೆಲ್ಲ ಹೆಂಡತಿಯ ಮುಂದೆ ಕೈಮುಗಿದು ಉತ್ತಮ ಕ್ಷಮಾ ಎಂದಿದ್ದ. ಹಳೆಯದೆಲ್ಲ ತೊಳೆದುಹೋಗಿದ್ದರಿಂದ ಹೊಸದಾಗಿ ಅನ್ನಲು ಬೇಕಾದಷ್ಟು ಜಾಗ ಸಿಕ್ಕಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ಸೀಳನ್ನು ಉಜ್ಜಿದ, ಸೈಕಲ್ಲಿನ ಪಂಪಿನಿಂದ ಗಾಳಿ ಹೊಡೆದ. ಎರಡು ಕಣ ಅರಿಶಿಣ ನಿಜವಾಗಿಯೂ ಹಾರಿ ಬಂತು. ಅದನ್ನು ಕಾಗದದ ಮೇಲೆ ಹಿಡಿದು ಅಡುಗೆಮನೆಗೆ ಒಯ್ದು ಸಾಕ್ಷಿಗೆಂದು ತೋರಿಸಿದ. ಮಂಗಲ ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ, ಇದು ನಿಮ್ಮ ಅಂಗಡಿಯ ಕಡಿಮೆ ದರ್ಜೆಯದು, ನಾನು ಮನೆಗೆ ಬಳಸುವುದು ಇದಲ್ಲ ಎಂದು ಹೇಳಿ ರೊಟ್ಟಿ ಬಡಿಯತೊಡಗಿದಳು.

ಬುಧವಾರ ಪುಣೆಯಲ್ಲಿ ಡಿಪ್ಲೊಮಾ ಓದುವ ಮಗ ಸೌರಭನಿಗೆ ಫೋನು ಹೋಯಿತು. ಅವನು ಮೊದಲು ಕೇಳಿದ್ದೇ, "ಪಪ್ಪಾ, ಕಾರ್ಡ ನೀಟ ಹಾಕೀರಿ ನಾ?" ಎಂದು. ಧನಪಾಲನಿಗೆ ಅವಮಾನವಾಯಿತು. ಮೂವತ್ತು ವರ್ಷ ಪೇಟೆ ಮಾಡಿದವನಿಗೆ ಒಂದು ಚೌಕವನ್ನು ಒಂದು ಸೀಳಿಗೆ ಹಾಕಲು ಬರುವುದಿಲ್ಲವೇ? ಸೌರಭ ಮುಂದೆ ಒಂದು ತಾಸು ಏನೇನೋ ಮಾಡಿಸಿದ. ಆ ಪಟ್ಟಿ ತೆರೆಯಿರಿ, ಅಲ್ಲಿ ಹಳದಿ ಗುರುತು ಇದೆಯೇ ನೋಡಿ, ಇಲ್ಲ, ಹಾಗಾದರೆ ಅದನ್ನು ತೆಗೆದು ಮತ್ತೆ ಹಾಕಿ, ಮತ್ತೆ ಶುರು ಮಾಡಿ. ಯಂತ್ರವೇನೋ ತನ್ನಲ್ಲಿ ಯಾವ ದೋಷವೂ ಇಲ್ಲ ಎಂದೇ ಹೇಳುತ್ತಿತ್ತು. ಕೊನೆಗೆ ಸೌರಭ ಕಾರ್ಡನ್ನು ಕ್ಯಾಮೆರಾಕ್ಕೆ ತಿರುಗಿ ಹಾಕಿ ನೋಡಲು ಹೇಳಿದ. ಹಾಕಿದರೆ ಕ್ಯಾಮೆರಾದ ಕಿಟಕಿಯಲ್ಲಿ 'ಕಾರ್ಡು ಇಲ್ಲ' ಎಂದು ಇಂಗ್ಲಿಷಿನಲ್ಲಿ ಮೂಡಿತು. ಕಣ್ಣೆದುರಿಗೆ ಕಾರ್ಡು ಹಾಕಿದ್ದೇನೆ, ಇಲ್ಲ ಅನ್ನುತ್ತದೆ, ಇದೂ ಸುಳ್ಳು ಹೇಳಲು ಶುರು ಮಾಡಿತು ಎಂದು ಧನಪಾಲ ಫೋನಿನಲ್ಲಿ ಒದರಿದ. (ಆ ವಾರ ಆ ಮನೆಯಲ್ಲಿ ನಿಜ ಹೇಳಿದ್ದು ಆ ಕ್ಯಾಮೆರಾ ಒಂದೇ. ಅದರ ಮಾತು ಯಾರೂ ಕೇಳಲಿಲ್ಲ.) ಅತ್ತಲಿಂದ ಸೌರಭ, ಹಾಗಾದರೆ ಕಾರ್ಡೇ ಹೋಗಿದೆ ಪಪ್ಪಾ, ಫೋಟೋ ಸಿಗುವುದು ಕಷ್ಟ ಎಂದ.

ಚಂದ್ರಾಬಾಯಿ ಆಚೆ ಕೋಣೆಯಲ್ಲಿ ಗಂಜಿ ಕುಡಿಯುತ್ತ, ಪಡಸಾಲೆಯ ಗೋಡೆಯ ಮೇಲೆ ಯಾವ ಮೊಳೆಗೆ ಫೋಟೋ ಹಾಕಬೇಕೆಂದು ಸೊಸೆಗೆ ಹೇಳುತ್ತಿದ್ದರು. ಆ ದನಿಯಲ್ಲಿ ಹನ್ನೊಂದು ವರ್ಷದಲ್ಲಿ ಅವನು ಕೇಳದ ಒಂದು ಹಗುರತನ ಇತ್ತು. ಇವರಿಗೆ ಫೋಟೋ ಇಲ್ಲ ಎಂದು ಹೇಗೆ ಹೇಳುವುದು? ಹೇಳಿದರೂ ಸುನಂದಾ ಮಾವಶಿ ನಂಬುತ್ತಾರೆಯೇ? ಚಂದ್ರಿ ತನ್ನ ಮಗನ ಕೈಯಿಂದ ಸೇಡು ತೀರಿಸಿಕೊಂಡಳು ಎನ್ನುತ್ತಾರೆ. ಮತ್ತೆ ಹನ್ನೊಂದು ವರ್ಷ ಕಾಯಲು ಇಬ್ಬರ ಹತ್ತಿರವೂ ಅಷ್ಟು ವರ್ಷಗಳಿಲ್ಲ.

ಶನಿವಾರ ಲ್ಯಾಪ್‌ಟಾಪು, ಕ್ಯಾಮೆರಾ ಎರಡನ್ನೂ ಅಕ್ಕಿಯ ಚೀಲದಲ್ಲಿ ಮುಚ್ಚಿಕೊಂಡು ವಡಾಪ ರಿಕ್ಷಾದಲ್ಲಿ ಏಳನೆಯವನಾಗಿ ಒತ್ತಿ ಕೂತು ಮಿರಜಿಗೆ ಹೋದ. ರಿಪೇರಿಯವರು ಸಾಂಗ್ಲಿಯಲ್ಲೂ ಇದ್ದರು, ಆದರೆ ಅವರಲ್ಲಿ ಅರ್ಧ ಜನ ಪೇಟೆಯವರ ಮಕ್ಕಳು. ಮಿರಜಿನಲ್ಲಿ ಸಿತಾರ ಮಾಡುವವರ ಓಣಿಯಲ್ಲಿ ಧನಶ್ರೀ ಎಂಬ ಹುಡುಗಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಳು. ಎಡಕ್ಕೊಬ್ಬರು ಬಲಕ್ಕೊಬ್ಬರು ತಂತಿ ಬಿಗಿದು ಮೀಟಿ ನೋಡುತ್ತಿದ್ದರೆ, ನಡುವೆ ಅವಳು ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಮನೆಮಾತು ಕನ್ನಡವೇ ಆದರೂ ಮಾತಾಡಿದರೆ ಅರ್ಧ ಮರಾಠಿ. ಧನಪಾಲ ಅರಿಶಿಣ ಕುಂಕುಮದಿಂದ ಶುರು ಮಾಡಿ ಸೈಕಲ್ ಪಂಪಿನ ತನಕ ಇಡೀ ಪುರಾಣ ಹೇಳಿದ. ಅವಳು ಹತ್ತಿ ತೆಗೆದು ಪೂರ್ತಿ ಕೇಳಿದಳು. ಆಮೇಲೆ ಸೀಳಿನಲ್ಲಿದ್ದುದನ್ನು ಹೊರತೆಗೆದು ಪಕ್ಕಕ್ಕಿಟ್ಟು, ತನ್ನ ಡ್ರಾವರಿನಿಂದ ಬೇರೆ ಕಾರ್ಡೊಂದನ್ನು ತೂರಿಸಿದಳು. ತಟ್ಟನೆ ಪರದೆಯ ತುಂಬ ಒಂದು ಬೆಕ್ಕಿನ ಫೋಟೋ ಬಂತು.

ಧನಪಾಲನಿಗೆ ಆ ಬೆಕ್ಕನ್ನು ನೋಡಿ ಕಣ್ಣು ತುಂಬಿತು. ಸೀಳು ನೆಟ್ಟಗಿದೆ. ಮರುಕ್ಷಣವೇ ಹೊಳೆಯಿತು: ಸೀಳು ನೆಟ್ಟಗಿದ್ದರೆ ಕಾರ್ಡು ಸತ್ತಿದೆ. ಧನಶ್ರೀ ಅಷ್ಟರಲ್ಲಿ ಅವನ ಕಾರ್ಡನ್ನು ಎತ್ತಿ, ಹಿಂದೆ ಮುಂದೆ ತಿರುವಿ ನೋಡಿದಳು. ಅವಳ ಮುಖದಲ್ಲಿ ನಗು ಬಂತು. ಹಿರಿಯರೆಂದು ಅದನ್ನು ಒಳಗೇ ನುಂಗಿದಳು.

"ಕಾಕಾ, ಇದು ಕಾರ್ಡ ಅಲ್ರಿ. ಇದು ನುಸತಾ ಪ್ಲಾಸ್ಟಿಕ. ಧೂಳ ಹೋಗಬಾರದಂತ ಕಂಪನಿಯವರು ಹಾಕಿ ಕೊಡತಾರ. ಖರೇ ಕಾರ್ಡಿಗಿ ಹಿಂದ ಪಿತ್ತಳಿ ಹಲ್ಲ ಇರತಾವ, ನೋಡ್ರಿ," ಎಂದು ಬೆಕ್ಕಿನ ಕಾರ್ಡನ್ನು ತಿರುವಿ ತೋರಿಸಿದಳು. "ನಿಮ್ಮ ಕಾರ್ಡ ಎಲ್ಲಿ ಇಟ್ಟೀರಿ?"

ಐದು ದಿನ ಅವನು ಊದಿದ್ದು, ಒರೆಸಿದ್ದು, ಕಿವಿಗಿಟ್ಟು ತಟ್ಟಿದ್ದು, ಫೋನಿನಲ್ಲಿ ಗೋಳಾಡಿದ್ದು ಎಲ್ಲ ಒಂದು ಮುಚ್ಚಳಕ್ಕೆ. ಹಾಗಾದರೆ ಮುಚ್ಚಳವೆಂದು ಜೋಪಾನವಾಗಿ ಇಟ್ಟಿದ್ದು? ಧನಪಾಲ ಅಂಗಡಿಯ ಕಟ್ಟೆಯ ಮೇಲೆ ಕೂತ. ಪಕ್ಕದವರು ಸಿತಾರದ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುತ್ತಿದ್ದರು. ಸೋಮವಾರ ಸಂಜೆಯ ಮೇಜು ಕಣ್ಣ ಮುಂದೆ ಬಂತು. ಮೇಜಿನ ಮೇಲೆ ಲ್ಯಾಪ್‌ಟಾಪು, ಕ್ಯಾಮೆರಾ, ಮತ್ತು ಮರುದಿನ ಬಸದಿಗೆ ಒಯ್ಯಲೆಂದು ಮಂಗಲ ತುಂಬಿಟ್ಟಿದ್ದ ಅಕ್ಕಿಯ ಡಬ್ಬಿ. ನಾಳೆ ಹೇಗೂ ಇದನ್ನು ತೆರೆಯುತ್ತೇನೆ, ಆಗ ನೆನಪಾಗುತ್ತದೆ ಎಂದು ಅದರೊಳಗೆ ಹಾಕಿ ಮುಚ್ಚಿದ್ದ. ಮರುದಿನ ತೆರೆದಿದ್ದೂ ನಿಜ. ಕಣ್ಣು ಮುಚ್ಚಿಕೊಂಡು.

ಇನ್ನೂರ ಹನ್ನೆರಡು ಫೋಟೋಗಳನ್ನು ಅವನು ಅರ್ಘ್ಯ ಹೇಳಿ ಭಗವಂತನಿಗೆ ಅರ್ಪಿಸಿಬಿಟ್ಟಿದ್ದ.

ಮಿರಜಿನಿಂದ ಸಾಂಗ್ಲಿಗೆ ಅವನು ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ದೇವರ ಮುಂದೆ ಇಟ್ಟ ಅಕ್ಕಿ ಬಸದಿಯ ಪೂಜೆ ಮಾಡುವ ಉಪಾಧ್ಯೆಯವರಿಗೆ ಸಲ್ಲುತ್ತದೆ. ಬಾಬಾಸಾಹೇಬ ಉಪಾಧ್ಯೆ ಬಸದಿಯ ಹಿಂದಿನ ಮನೆಯಲ್ಲಿ ಆಗ ತಾನೇ ಉಂಡು ಗೋಡೆಗೆ ಒರಗಿದ್ದರು. ಧನಪಾಲ ಏದುಸಿರು ಬಿಡುತ್ತ ವಿಷಯ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಳಗಿನಿಂದ ಒಂದು ಹಿತ್ತಾಳೆಯ ಬಟ್ಟಲು ತರಿಸಿದರು. ಅಕ್ಕಿ ಹಸನು ಮಾಡುವಾಗ ಸಿಕ್ಕದ್ದನ್ನೆಲ್ಲ ಅವರ ಮನೆಯವರು ಅದರಲ್ಲಿ ಹಾಕಿಡುತ್ತಿದ್ದರು. ಮೂರು ಅಂಗಿಯ ಗುಂಡಿ, ಒಂದು ಪಿನ್ನು, ಯಾರದೋ ರಕ್ತದೊತ್ತಡದ ಗುಳಿಗೆ, ಎಲ್ಲದರ ಕೆಳಗೆ ಒಂದು ಕರಿ ಚೌಕ. ಹಿಂದೆ ಪಿತ್ತಳಿ ಹಲ್ಲು.

ಧನಪಾಲ ಕೈ ಚಾಚಿದ. ಉಪಾಧ್ಯೆಯವರು ಬಟ್ಟಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಮುಂದಕ್ಕೆ ನೂಕಲೂ ಇಲ್ಲ.

"ಕೊಡಾಕ ನನಗೇನ ಅಡ್ಡಿ ಇಲ್ಲ, ಧನಪಾಲ. ತೊಗೊಳ್ಳಾಕ ನಿನಗs ಅಡ್ಡಿ," ಎಂದರು. "ದೇವರಿಗೆ ಹಾಕಿದ್ದು ನಿರ್ಮಾಲ್ಯ. ಹಾಕಿದಾಂವ ಅದನ್ನ ತಿರುಗಿ ಮುಟ್ಟೂ ಹಂಗಿಲ್ಲ. ನಿಮ್ಮ ಅವ್ವಗ ಕೇಳು."

ಧನಪಾಲನ ಕೈ ನಡುಗಾಳಿಯಲ್ಲೇ ನಿಂತಿತು. ಸುಮ್ಮನೆ ತೆಗೆದುಕೊಂಡು ಹೋಗಿ ಅವ್ವನಿಗೆ ಹೇಳದಿದ್ದರೆ ಹೇಗೆ ಎಂಬ ವಿಚಾರ ಬಂತು, ಮುಚ್ಚಿಡುವುದೇಕೆ. ಆದರೆ ಇದೇ ಉಪಾಧ್ಯೆಯವರು ಪರ್ವದಲ್ಲಿ ಸತ್ಯಧರ್ಮದ ಮೇಲೆ ಪ್ರವಚನ ಮಾಡಿದ ದಿನ ಅವನು ಮುಂದಿನ ಸಾಲಿನಲ್ಲೇ ಕೂತು ತಲೆಯಾಡಿಸಿದ್ದ. ಕೈ ಹಿಂದಕ್ಕೆ ತೆಗೆದುಕೊಂಡು ಮನೆಗೆ ಹೋಗಿ, ತಾಯಿಯ ಮುಂದೆ, ಹೆಂಡತಿಯ ಎದುರಿಗೇ, ಇದ್ದದ್ದು ಇದ್ದ ಹಾಗೆ ಹೇಳಿದ.

ಎರಡು ಕಣ ಅರಿಶಿಣ ಹಿಡಿದು ತಂದಿದ್ದ ಕಾಗದ ಇನ್ನೂ ಅಡುಗೆಮನೆಯ ಕಿಟಕಿಯಲ್ಲಿ ಮಡಿಚಿಟ್ಟಿತ್ತು. ಮಂಗಲ ಅದನ್ನು ತಂದು ಗಂಡನ ಮುಂದೆ ಇಟ್ಟಳು, ಅಷ್ಟೇ.

ಚಂದ್ರಾಬಾಯಿ ಕೇಳಿದ್ದು ಒಂದೇ ಮಾತು.

"ಅಕ್ಕಿ ಹಾಕೂ ಮುಂದ ಅರ್ಘ್ಯ ಅಂದ್ಯೋ, ಇಲ್ಲೋ?"

"ಅಂದೆ, ಅವ್ವಾ."

"ಅಂದ ಮ್ಯಾಲ ಅದು ದೇವರದು. ನಮ್ಮ ಮನಿಯೊಳಗ ಬರೂದು ಬ್ಯಾಡ."

ಇಷ್ಟು ಹೇಳಿ ಮುದುಕಿ ಗೋಡೆಯ ಮೇಲಿನ ಖಾಲಿ ಮೊಳೆಯ ಕಡೆ ನೋಡಿದರು. ಹತ್ತು ದಿನ ಅನ್ನ ಬಿಟ್ಟಾಗ ಬಾಡದ ಮುಖ ಈಗ ಬಾಡಿತು. ಧನಪಾಲನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಆಗ ಮಂಗಲ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬಹಳ ಸಣ್ಣ ಮಾತೆಂಬಂತೆ ಹೇಳಿದಳು:

"ದೇವರನ್ನ ದಿನಾ ಬಸ್ತಿಗಿ ಹೋಗಿ ನೋಡಿ ಬರತೇವಿ. ಹಂಗಂತ ಮನಿಗಿ ಎತಗೊಂಡ ಬರತೇವೇನ್ರಿ, ಅತ್ತೀ? ಇದನ್ನೂ ಹೋಗಿ ನೋಡಿ ಬರೂಣು."

ಚಂದ್ರಾಬಾಯಿ ಮೆಲ್ಲಗೆ ತಲೆಯಾಡಿಸಿದರು. ನೋಡುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಧನಪಾಲನಿಗೆ ಆಗ ಹೆಂಡತಿಯ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. (ಬೀಳಲಿಲ್ಲ. ಬಿದ್ದಿದ್ದರೆ ಮರುದಿನದ ಕೆಲಸ ಅಂದೇ ಮುಗಿಯುತ್ತಿತ್ತು.)

ರವಿವಾರ ಊಟವಾದ ಮೇಲೆ ಎಲ್ಲರೂ ಉಪಾಧ್ಯೆಯವರ ಪಡಸಾಲೆಯಲ್ಲಿ ನೆರೆದರು. ಚಾಪೆಯ ಮೇಲೆ ಒಂದು ತುದಿಗೆ ಚಂದ್ರಾಬಾಯಿ, ಇನ್ನೊಂದು ತುದಿಗೆ ಹರಿಪುರದಿಂದ ಬಂದ ಸುನಂದಾಬಾಯಿ; ನಡುವೆ ಇಬ್ಬರು ಕೂಡುವಷ್ಟು ಜಾಗ. ಮಣೆಯ ಮೇಲೆ ಲ್ಯಾಪ್‌ಟಾಪು. ಉಪಾಧ್ಯೆಯವರು ತಮ್ಮ ಕೈಯಾರೆ ಕಾರ್ಡನ್ನು ತೂರಿಸಿದರು. ಸೀಳು ತೆಗೆದುಕೊಂಡಿತು, ಮತ್ತು ಈ ಸಲ ತೋರಿಸಿತು. ಪರದೆ ತುಂಬ ಸಣ್ಣ ಸಣ್ಣ ಚಿತ್ರಗಳು ಮೂಡಿದವು. ಧನಪಾಲ ಆರು ದಿನದ ಉಸಿರನ್ನು ಒಮ್ಮೆಲೇ ಬಿಟ್ಟ. ತೂತು ಬಿದ್ದ ಟ್ಯೂಬಿನಿಂದ ಗಾಳಿ ಹೋದಂತೆ ಅದು ಎಲ್ಲರಿಗೂ ಕೇಳಿಸಿತು.

ಆದರೆ ಒಂದೊಂದಾಗಿ ದೊಡ್ಡದು ಮಾಡಿ ನೋಡತೊಡಗಿದ ಮೇಲೆ ಅವನ ಉಸಿರು ಮತ್ತೆ ಸಣ್ಣದಾಗುತ್ತ ಹೋಯಿತು. ಮೊದಲ ನಲವತ್ತು ಫೋಟೋಗಳಲ್ಲಿ ಬಲಗಡೆಗೆ ಒಂದು ದೊಡ್ಡ ಗುಲಾಬಿ ಮೋಡ. ಅದು ಧನಪಾಲನ ಹೆಬ್ಬೆರಳು. ಮೆರವಣಿಗೆಯಲ್ಲಿ ಬ್ಯಾಂಡಿನವರ ನಗಾರಿ ಬಹಳ ಚೆನ್ನಾಗಿ ಬಂದಿತ್ತು. ತಾಯಿಯ ಕೊರಳಿನ ಹಾರ ಬಂದಿತ್ತು, ಅದರ ಮೇಲೆ ಇರಬೇಕಾದ ತಲೆ ಬಂದಿರಲಿಲ್ಲ. ಆಮೇಲೆ ಸುನಂದಾಬಾಯಿ ಪಡಸಾಲೆಗೆ ಬಂದ ಫೋಟೋಗಳು. ಒಂದರಲ್ಲಿ ಅವರ ಅರ್ಧ ಮುಖ, ಇನ್ನೊಂದರಲ್ಲಿ ಉಳಿದರ್ಧ, ಮೂರನೆಯದರಲ್ಲಿ ಗುಲಾಬಿ ಮೋಡ. ಚಾಪೆಯ ಆ ತುದಿಯಲ್ಲಿ ಸುನಂದಾಬಾಯಿಯ ಉಸಿರಾಟ ಜೋರಾಯಿತು. ಈ ತುದಿಯಲ್ಲಿ ಚಂದ್ರಾಬಾಯಿ ಅಕ್ಕನ ಕಡೆ ಓರೆಗಣ್ಣಿನಿಂದ ನೋಡಿ, ಅವಸರದಿಂದ ಮುಂದಿನದು ತೋರಿಸು ಎಂದರು. ಧನಪಾಲ ಒತ್ತಿದ.

ನೂರ ನಲವತ್ತೇಳನೆಯದು.

ಬೆಳಗಿನ ಬಿಸಿಲು ಕಿಟಕಿಯಿಂದ ಬೀಳುತ್ತಿತ್ತು. ಸುನಂದಾಬಾಯಿ ಚಮಚ ಹಿಡಿದಿದ್ದರು, ಚಂದ್ರಾಬಾಯಿ ಬಾಯಿ ತೆರೆಯುತ್ತಿದ್ದರು. ಚಮಚ ಇನ್ನೂ ಒಂದು ಬೆರಳು ದೂರ. ಅಕ್ಕನ ಮುಖ ಪೂರ್ತಿ, ತಂಗಿಯ ಮುಖ ಪೂರ್ತಿ. ಅಕ್ಕನ ಕಣ್ಣಂಚಿನ ನೀರು ಸಹ ಕಾಣುತ್ತಿತ್ತು. ಉಪಾಧ್ಯೆಯವರು ಕೂಡ ತಮಗೆ ಗೊತ್ತಿಲ್ಲದೆ ಕೈ ಮುಗಿದರು.

"ಚಂದ್ರಿ," ಎಂದರು ಸುನಂದಾಬಾಯಿ, "ಎರಡೂ ಮಾರಿ ಬಂದಾವ."

ಹೇಳುತ್ತ ಚಾಪೆಯ ಮೇಲೆ ಸರಿದು ಬಂದು ನಡುವಿನ ಜಾಗವನ್ನು ತುಂಬಿಬಿಟ್ಟರು. ಚಂದ್ರಾಬಾಯಿ ಅಕ್ಕನ ಕೈಯನ್ನು ತಮ್ಮ ಮಡಿಲಲ್ಲಿ ಎಳೆದಿಟ್ಟುಕೊಂಡರು. ಧನಪಾಲನಿಗೆ ಎದೆಯ ಮೇಲಿನಿಂದ ಅರಿಶಿಣದ ಮೂಟೆ ಇಳಿಸಿದಂತಾಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಜೀವ ಹಗುರಾದ ಕೂಡಲೇ ನಾಲಿಗೆಯೂ ಹಗುರಾಯಿತು. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಇಂಥ ಫೋಟೋಕ್ಕೆ ಉಸಿರು ಬಿಗಿಹಿಡಿದು ಹೊತ್ತು ನೋಡಿ ಒತ್ತಬೇಕಾಗುತ್ತದೆ, ಬೇರೆಯವರಿಗಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ ಎಂದು ಉಪಾಧ್ಯೆಯವರಿಗೆ ವಿವರಿಸತೊಡಗಿದ.

ಚಂದ್ರಾಬಾಯಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿದರು. ಫೋಟೋದಲ್ಲಿ ಅಕ್ಕತಂಗಿಯರ ತಲೆಗಳ ನಡುವೆ, ಹಿಂದೆ, ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಒಬ್ಬ ಮನುಷ್ಯ. ಅವನ ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದು ಕೈ ಬಾಯಿಯ ಹತ್ತಿರ, ಎಡಗಲ್ಲ ಉಬ್ಬಿತ್ತು.

"ಹಿಂದ ಪೇಢೆ ತಿನ್ನಾಕತ್ತಾಂವ ಯಾರೋ?"

ಪಡಸಾಲೆಯಲ್ಲಿ ಎಲ್ಲರೂ ಬಾಗಿ ನೋಡಿದರು. ಚಮಚ ಚಂದ್ರಾಬಾಯಿಯ ಬಾಯಿಂದ ಇನ್ನೂ ಒಂದು ಬೆರಳು ದೂರ ಇತ್ತು. ಬೆಳಗಿನಿಂದ ಚಹಾ ಸಹ ಮುಟ್ಟದ ಮಗನ ಬಾಯಿ ಆಗಲೇ ತುಂಬಿತ್ತು. ಧನಪಾಲ ಫೋಟೋದಲ್ಲಿದ್ದ, ಅಂದರೆ ಫೋಟೋ ತೆಗೆದವನು ಅವನಲ್ಲ. ಎರಡು ತಪ್ಪಿಗೂ ಒಂದೇ ಸಾಕ್ಷಿ.

"ಬ್ಯಾಂಡಿನವರನ್ನ ನೋಡಿ ಬರತೇನಿ, ಎರಡ ಮಿನಿಟ ಹಿಡಿ ಅಂತ ನನ್ನ ಕೈಯಾಗ ಕೊಟ್ಟ ಹೋಗಿದ್ರಿ," ಎಂದಳು ಮಂಗಲ. "ಗುಂಡಿ ಒತ್ತಬ್ಯಾಡ, ಕೆಡತೈತಿ ಅಂತ ಹೇಳಿದ್ರಿ. ಅವ್ರಿಬ್ಬರನ್ನ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಒಂದs ಒತ್ತೇನಿ."

ಧನಪಾಲ ಎದ್ದು ನಿಂತ. ಹೆಂಡತಿಯ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ಆ ವಾರದಲ್ಲಿ ಎರಡನೆಯ ಸಲ, ಆದರೆ ಮೊದಲ ಸಲ ಮನಸ್ಸಿನಿಂದ, ಉತ್ತಮ ಕ್ಷಮಾ ಎಂದ. ಆಮೇಲೆ ತಾಯಿಯ ಕಡೆ ತಿರುಗಿ ಪೇಢೆಗಾಗಿ ಇನ್ನೊಮ್ಮೆ ಅಂದ. ಮೊದಲು ನಕ್ಕವರು ಸುನಂದಾಬಾಯಿ. ಅವರನ್ನು ನೋಡಿ ಚಂದ್ರಾಬಾಯಿ ನಕ್ಕರು, ನಗುತ್ತ ನಗುತ್ತ ಅಕ್ಕನ ಹೆಗಲಿಗೆ ಒರಗಿದರು. ಚಿಕ್ಕವನಿದ್ದಾಗಲೂ ಹೀಗೇ ಬೆಲ್ಲ ಕದ್ದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ ಎಂದು ಇಬ್ಬರೂ ಒಂದೇ ಸಲಕ್ಕೆ ಹೇಳತೊಡಗಿದರು. ಹನ್ನೊಂದು ವರ್ಷದ ಮಾತು ಆ ಪೇಢೆಯ ನೆಪದಲ್ಲಿ ಹೊರಗೆ ಬಂತು; ಹೊತ್ತು ಮುಳುಗುವ ತನಕ ನಿಲ್ಲಲಿಲ್ಲ. ತನ್ನನ್ನು ನೋಡಿ ಇಬ್ಬರು ಮುದುಕಿಯರು ಹೀಗೆ ನಗುತ್ತಾರೆಂದರೆ ಇನ್ನೂ ನಾಲ್ಕು ಪೇಢೆ ತಿನ್ನಬಹುದಿತ್ತು ಎಂದು ಧನಪಾಲನಿಗೆ ಅನ್ನಿಸಿತು.

ಕಾರ್ಡು ಉಪಾಧ್ಯೆಯವರಲ್ಲೇ ಉಳಿಯಿತು. ಅದರಿಂದ ಕಾಗದದ ಮೇಲೆ ತೆಗೆಸಿದ್ದಕ್ಕೆ ನಿರ್ಮಾಲ್ಯದ ದೋಷವಿಲ್ಲ ಎಂದು ಅವರೇ ತೀರ್ಪು ಕೊಟ್ಟು, ಮಿರಜಿನ ಧನಶ್ರೀಯಿಂದ ಎರಡು ದೊಡ್ಡ ಪ್ರತಿ ಮಾಡಿಸಿದರು, ಒಂದು ಸಾಂಗ್ಲಿಗೆ, ಒಂದು ಹರಿಪುರಕ್ಕೆ. ಹಿಂದೆ ಬಾಗಿಲಲ್ಲಿ ನಿಂತವನನ್ನು ಅಳಿಸಲು ಬರುತ್ತದೆಯೇ ಎಂದು ಧನಪಾಲ ಗುಟ್ಟಾಗಿ ಅವಳನ್ನು ಕೇಳಿದ. ಐದು ನಿಮಿಷದ ಕೆಲಸ ಎಂದಳಂತೆ. ಆ ಗುಟ್ಟು ಹೇಗೋ ಚಂದ್ರಾಬಾಯಿಗೆ ಮುಟ್ಟಿತು.

"ಇರಲಿ ಬಿಡು," ಎಂದರು ಅವರು. "ಒಬ್ಬರ ಮಾರಿ ಮರಿಯಾಗಿದ್ದಕ್ಕ ಹನ್ನೊಂದ ವರ್ಷ ಹೋದವು. ಇನ್ನ ಯಾರ ಮಾರೀನೂ ತಗಿಯೂದ ಬ್ಯಾಡ."

ಈಗ ಆ ಫೋಟೋ ಚೌಗುಲೆಯವರ ಪಡಸಾಲೆಯಲ್ಲಿ, ಚಂದ್ರಾಬಾಯಿ ತೋರಿಸಿದ ಮೊಳೆಯ ಮೇಲೆಯೇ ಇದೆ. ಧನಪಾಲ ಬೆಳಿಗ್ಗೆ ಬಸದಿಗೆ ಹೊರಟಾಗ ಮಂಗಲ ಅಕ್ಕಿಯ ಡಬ್ಬಿ ತೆರೆದು, ಒಳಗೆ ಬೆರಳಾಡಿಸಿ ನೋಡಿ, ಆಮೇಲೆ ಅವನ ಕೈಗೆ ಕೊಡುತ್ತಾಳೆ. ಮನೆಗೆ ಬಂದವರು ಫೋಟೋ ನೋಡಿ, ಎಷ್ಟು ಚೆಂದ ಬಂದಿದೆ, ಯಾರು ತೆಗೆದದ್ದು ಎಂದು ಕೇಳುತ್ತಾರೆ. ಗೋಡೆಯ ಮೇಲಿನ ಧನಪಾಲನ ಬಾಯಿ ತುಂಬಿರುವುದರಿಂದ ಉತ್ತರವನ್ನು ಯಾವಾಗಲೂ ಮಂಗಲಳೇ ಹೇಳುತ್ತಾಳೆ.